‘ಗೋಟ್’ ಆದಮೇಲೆ ‘ಲೈಯರ್’: ದಿ ಜೀಸಸ್ ಲಿಜರ್ಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಷಿಕಾಗೋದ ನಾಯ್ಸ್ ರಾಕ್ ಬ್ಯಾಂಡ್ ದಿ ಜೀಸಸ್ ಲಿಜರ್ಡ್ 1991ರಲ್ಲಿ ‘ಗೋಟ್’ ಎಂಬ ಆಲ್ಬಂ ತಂದಿತು. ಮರುವರ್ಷವೇ ‘ಲೈಯರ್’ ಬಂತು. ಎರಡರಲ್ಲಿ ಯಾವುದು ಹೆಚ್ಚು ಎಂಬ ಜಗಳ ಮೂವತ್ತು ವರ್ಷ ದಾಟಿದರೂ ಮುಗಿದಿಲ್ಲ. ನನ್ನ ಪಕ್ಷ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ: ಲೈಯರ್. ಮುಂದಿನ ಉತ್ತರಗಳನ್ನು ಆ ಒಲವನ್ನು ಲೆಕ್ಕಕ್ಕೆ ಹಿಡಿದೇ ಓದಿಕೊಳ್ಳಿ.

ನಾಯ್ಸ್ ರಾಕ್ ಅಂದರೆ ಬರೀ ಗದ್ದಲವೇ?

ಹೊರಗಿನಿಂದ ಕೇಳುವವರಿಗೆ ಹಾಗನ್ನಿಸುವುದು ಸಹಜ. ಗಿಟಾರಿನ ಫೀಡ್‌ಬ್ಯಾಕ್, ಒಡೆದ ದನಿ, ಕಿವಿ ಕೊರೆಯುವ ಮೇಲಿನ ಸ್ವರಗಳು, ಅರಚಾಟ ಎಲ್ಲವೂ ಇಲ್ಲಿವೆ. ಆದರೆ ಇವು ಪಂಕ್ ರಾಕ್‌ನಿಂದ ಬಂದವರು ಬೇಕೆಂದೇ ಆರಿಸಿಕೊಂಡ ಸಾಮಗ್ರಿ. ಬೇರೆ ರಾಕ್ ಸಂಗೀತಗಾರರು ಧ್ವನಿಮುದ್ರಣದಲ್ಲಿ ಒರೆಸಿ ತೆಗೆಯುವ ಸದ್ದನ್ನೇ ಇವರು ಹಾಡಿನ ನಡುಮಧ್ಯೆ ಕೂರಿಸುತ್ತಾರೆ. ನ್ಯೂಯಾರ್ಕಿನ ಸಾನಿಕ್ ಯೂತ್ ಮತ್ತು ಸ್ವಾನ್ಸ್, ಷಿಕಾಗೋದ ಬಿಗ್ ಬ್ಲ್ಯಾಕ್, ಟೆಕ್ಸಸ್‌ನ ಬಟ್‌ಹೋಲ್ ಸರ್ಫರ್ಸ್ ಮತ್ತು ಸ್ಕ್ರ್ಯಾಚ್ ಆ್ಯಸಿಡ್ 1980ರ ದಶಕದಲ್ಲಿ ಈ ದಾರಿ ಹಾಕಿದವರು. ಒಬ್ಬೊಬ್ಬರ ಗದ್ದಲವೂ ಬೇರೆ. ದಿ ಜೀಸಸ್ ಲಿಜರ್ಡ್‌ನ ಗದ್ದಲವಂತೂ ವಿಚಿತ್ರವಾಗಿ ಅಚ್ಚುಕಟ್ಟು. ಅದರ ಬಗ್ಗೆ ಕೆಳಗೆ ಬರುತ್ತೇನೆ.

ಬ್ಯಾಂಡಿನಲ್ಲಿ ಯಾರ್‍ಯಾರಿದ್ದರು?

ಹಾಡುಗಾರ ಡೇವಿಡ್ ಯಾವ್, ಬೇಸ್ ಗಿಟಾರಿಗೆ ಡೇವಿಡ್ ವಿಲಿಯಂ ಸಿಮ್ಸ್, ಗಿಟಾರಿಗೆ ಡ್ವೇನ್ ಡೆನಿಸನ್, ಡ್ರಮ್ಸ್‌ಗೆ ಮ್ಯಾಕ್ ಮೆಕ್‌ನೀಲಿ. ಯಾವ್ ಮತ್ತು ಸಿಮ್ಸ್ ಇಬ್ಬರೂ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಸ್ಕ್ರ್ಯಾಚ್ ಆ್ಯಸಿಡ್‌ನಲ್ಲಿದ್ದವರು. ಆ ಬ್ಯಾಂಡ್ 1987ರಲ್ಲಿ ಒಡೆಯಿತು. ಅದೇ ವರ್ಷ ಹೊಸದರ ಬೀಜ ಬಿತ್ತು. ನಂತರ ಎಲ್ಲರೂ ಷಿಕಾಗೋಗೆ ಬಂದರು. 1989ರ ಮೊದಲ ಇಪಿ (ಕಿರು ಆಲ್ಬಂ) ‘ಪ್ಯೂರ್’ನಲ್ಲಿ ಡ್ರಮ್ಸ್ ಬಾರಿಸಿದ್ದು ಮನುಷ್ಯನಲ್ಲ, ಯಂತ್ರ. ಮೆಕ್‌ನೀಲಿ ಸೇರಿದ ಮೇಲೆ 1990ರಲ್ಲಿ ‘ಹೆಡ್’ ಬಂತು. ಅಲ್ಲಿಂದಲೇ ಬ್ಯಾಂಡ್ ನಿಜವಾಗಿ ಶುರುವಾಯಿತು ಅಂದರೆ ತಪ್ಪಿಲ್ಲ. ಯಂತ್ರ ತಾಳ ತಪ್ಪುವುದಿಲ್ಲ, ನಿಜ. ಆದರೆ ತಾಳವನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಎಳೆದು ಕೇಳುವವರ ಕುತ್ತಿಗೆ ಹಿಡಿಯುವುದು ಅದಕ್ಕೆ ಗೊತ್ತಿಲ್ಲ. ಮೆಕ್‌ನೀಲಿಗೆ ಗೊತ್ತಿತ್ತು.

ಆಲ್ಬಂಗಳಿಗೆಲ್ಲ ಇಷ್ಟು ಚಿಕ್ಕ ಹೆಸರು ಯಾಕೆ?

ಪ್ಯೂರ್, ಹೆಡ್, ಗೋಟ್, ಲೈಯರ್, ಡೌನ್, ಶಾಟ್, ಬ್ಲೂ, ರ್‍ಯಾಕ್: ಇಂಗ್ಲಿಷಿನಲ್ಲಿ ಎಲ್ಲವೂ ನಾಲ್ಕೇ ಅಕ್ಷರ. ಮೊದಲಿಂದ ಹಿಡಿದ ಚಾಳಿ, ಬಿಡಲಿಲ್ಲ.

‘ಗೋಟ್’ನಲ್ಲಿ ಅಂಥದ್ದೇನಿತ್ತು?

ಒಂಬತ್ತು ಹಾಡು, ಸುಮಾರು ಅರ್ಧ ಗಂಟೆ, ಒಂದೇ ಒಂದು ಸಡಿಲ ಕ್ಷಣವಿಲ್ಲ. ‘ದೆನ್ ಕಮ್ಸ್ ಡಡ್ಲಿ’ಯ ಬೇಸ್ ಶುರುವಾದ ಕೂಡಲೇ ಯಾರೋ ಹಿಂದಿನಿಂದ ನಡೆದು ಬರುತ್ತಿರುವ ಭಾವ ಹುಟ್ಟುತ್ತದೆ. ‘ಸೀಸಿಕ್’ನಲ್ಲಿ ತನಗೆ ಈಜು ಬರುತ್ತದೋ ಇಲ್ಲವೋ ಎಂಬುದನ್ನೇ ಒಬ್ಬ ಅರಚುತ್ತಾ ಹೋಗುತ್ತಾನೆ. ‘ಮಂಕಿ ಟ್ರಿಕ್’, ‘ಮೌತ್ ಬ್ರೀದರ್’ ಎರಡೂ ಈ ಬ್ಯಾಂಡಿನ ಹೆಸರು ಬಂದಾಗಲೆಲ್ಲ ಜೊತೆಗೇ ಬರುವ ಹಾಡುಗಳಾದವು. ಅಮೆರಿಕದ ಸ್ವತಂತ್ರ ಲೇಬಲ್‌ಗಳ (ಆಲ್ಬಂ ಹೊರತರುವ ಸಂಸ್ಥೆಗಳ) ವಲಯದಲ್ಲಿ ಗೋಟ್ ಅವರಿಗೆ ದೊಡ್ಡ ಹೆಸರು ತಂದಿತು. ಆ ಹೆಸರೇ ಮುಂದಿನ ಆಲ್ಬಂಗೆ ಭಾರವೂ ಆಯಿತು.

‘ಲೈಯರ್’ ಯಾವಾಗ ಬಂತು? ಯಾರು ಹೊರತಂದರು?

1992ರ ಅಕ್ಟೋಬರಿನಲ್ಲಿ, ಟಚ್ ಆ್ಯಂಡ್ ಗೋ ಲೇಬಲ್‌ನಿಂದ. ಧ್ವನಿಮುದ್ರಣ ಷಿಕಾಗೋದಲ್ಲೇ, ಹಿಂದಿನವುಗಳಂತೆ ಎಂಜಿನಿಯರ್ ಸ್ಟೀವ್ ಆಲ್ಬಿನಿ ಕೈಯಲ್ಲಿ. ಹತ್ತು ಹಾಡು. ಗೋಟ್‌ಗಿಂತ ಸ್ವಲ್ಪ ಉದ್ದ.

ಲೇಬಲ್ ಬಗ್ಗೆ ಎರಡು ಮಾತು ಹೇಳಲೇಬೇಕು. ಕೋರಿ ರಸ್ಕ್ ನಡೆಸುತ್ತಿದ್ದ ಟಚ್ ಆ್ಯಂಡ್ ಗೋದಲ್ಲಿ ಖರ್ಚು ಕಳೆದು ಉಳಿದ ಲಾಭ ಬ್ಯಾಂಡಿಗೂ ಲೇಬಲ್‌ಗೂ ಅರ್ಧರ್ಧ. ಬಹಳ ಸಲ ಕಾಗದದ ಕರಾರೂ ಇರುತ್ತಿರಲಿಲ್ಲ, ಕೈ ಕುಲುಕಿದರೆ ಮುಗಿಯಿತು. ಹೀಗಿದ್ದಾಗ ಮುಂದಿನ ಆಲ್ಬಂ ಹಿಂದಿನದಕ್ಕಿಂತ ಹತ್ತುಪಟ್ಟು ಮಾರಾಟವಾಗಲೇಬೇಕು ಎಂದು ತಲೆಯ ಮೇಲೆ ಕೂರುವವರು ಯಾರೂ ಇಲ್ಲ. ಲೈಯರ್ ಯಾಕೆ ಅಷ್ಟು ನಿರಾಳ ಧೈರ್ಯದಿಂದ ಬಂತು ಎಂಬುದಕ್ಕೆ ನನಗೆ ಕಾಣುವ ಮೊದಲ ಕಾರಣ ಇದೇ.

ಅದೇ ‘ಗೋಟ್’ ಇನ್ನೊಮ್ಮೆ ಮಾಡಿದ್ದಾರೆ ಅನ್ನುತ್ತಾರಲ್ಲ?

ಅತಿ ಹೆಚ್ಚು ಕೇಳಿಬರುವ ಆಕ್ಷೇಪ ಇದು. ಅರ್ಧ ಸರಿ ಕೂಡ. ಅದೇ ನಾಲ್ವರು, ಅದೇ ಊರು, ಅದೇ ಎಂಜಿನಿಯರ್, ನಡುವೆ ಒಂದೂವರೆ ವರ್ಷದಷ್ಟು ಅಂತರ. ಹೊಸ ವಾದ್ಯವಿಲ್ಲ, ಹೊಸ ಶೈಲಿಯ ಘೋಷಣೆಯಿಲ್ಲ. ಆದರೆ ‘ಬೆಳೆದಿದ್ದಾರೆ’ ಎಂದು ತೋರಿಸಲು ಬ್ಯಾಂಡೊಂದು ಪಿಟೀಲು ತಂಡವನ್ನು ಕರೆಸಲೇಬೇಕು ಎನ್ನುವ ನಂಬಿಕೆ ನನಗಿಲ್ಲ. ಈ ಎರಡು ಆಲ್ಬಂಗಳ ನಡುವಿನ ವ್ಯತ್ಯಾಸ ಹಾಡು ಕಟ್ಟುವ ಒಳಗುಟ್ಟಿನಲ್ಲಿದೆ.

ಒಂದೊಂದಾಗಿ ಕೇಳಿ. ಮೊದಲ ಹಾಡು ‘ಬಾಯ್ಲರ್‌ಮೇಕರ್’ ಪೀಠಿಕೆಯಿಲ್ಲದೆ ನುಗ್ಗುತ್ತದೆ, ಉಸಿರು ತೆಗೆದುಕೊಳ್ಳುವ ಮೊದಲೇ ಮುಗಿಯುತ್ತದೆ. ಅದರ ಬೆನ್ನಿಗೇ ‘ಗ್ಲ್ಯಾಡಿಯೇಟರ್’. ಇಲ್ಲಿ ಸಿಮ್ಸ್‌ನ ಬೇಸ್ ಒಂದು ಸಾಲನ್ನು ಹಿಡಿದು ಬಿಡದೆ ಸುತ್ತುತ್ತದೆ. ಗಿಟಾರ್ ಅದರ ಮೇಲೆ ಸವಾರಿ ಮಾಡುವುದಿಲ್ಲ, ಪಕ್ಕದಿಂದ ಚುಚ್ಚುತ್ತದೆ. ಸಾಮಾನ್ಯ ಹೆವಿ ರಾಕ್‌ನಲ್ಲಿ ಬೇಸ್ ಮತ್ತು ಗಿಟಾರ್ ಒಂದೇ ಸ್ವರಗಳನ್ನು ನುಡಿಸಿ ಗೋಡೆ ಎಬ್ಬಿಸುತ್ತವೆ. ಈ ಬ್ಯಾಂಡಿನಲ್ಲಿ ಗೋಡೆಯೇ ಇಲ್ಲ. ವಾದ್ಯಗಳ ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟು, ಆ ಜಾಗವನ್ನೇ ಭಯಾನಕ ಮಾಡುತ್ತಾರೆ. ಗೋಟ್‌ನಲ್ಲಿ ಈ ವಿದ್ಯೆ ಕಲಿತರು. ಲೈಯರ್‌ನಲ್ಲಿ ಅದು ಕೈಗೆ ಕೂತಿತ್ತು.

ಡೆನಿಸನ್ ಶಾಸ್ತ್ರೀಯ ಗಿಟಾರ್ ಅಭ್ಯಾಸ ಮಾಡಿದ ಮನುಷ್ಯ. ಆಗ ಆತ ನುಡಿಸುತ್ತಿದ್ದದ್ದು ಅಲ್ಯೂಮಿನಿಯಂ ಕುತ್ತಿಗೆಯ ಟ್ರಾವಿಸ್ ಬೀನ್ ಗಿಟಾರ್. ಲೋಹದ ಕುತ್ತಿಗೆಯಿಂದ ಬರುವ ಸ್ವರ ಮರದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಅಂಚು ಹರಿತ. ಅದಕ್ಕೇ ಲೈಯರ್‌ನಲ್ಲಿ ಅತಿ ವೇಗದ ಜಾಗದಲ್ಲೂ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ಗದ್ದಲದ ಬ್ಯಾಂಡ್ ಎಂದು ಹೆಸರಾದವರ ಗಿಟಾರಿನಲ್ಲಿ ಇಷ್ಟು ಕಡಿಮೆ ಮಸುಕು ಇರುವುದು ಮೊದಲ ಸಲ ಕೇಳುವವರಿಗೆ ಆಶ್ಚರ್ಯ.

ಇನ್ನು ‘ಸ್ಲೇವ್ ಶಿಪ್’ ಮತ್ತು ‘ಜಕರಾಯ’. ಗೋಟ್‌ಗೆ ಇಷ್ಟು ತಾಳ್ಮೆ ಇರಲಿಲ್ಲ. ‘ಜಕರಾಯ’ ನಿಧಾನವಾಗಿ, ಬಹುತೇಕ ತೆವಳುತ್ತಾ ಸಾಗುತ್ತದೆ. ಆಲ್ಬಂನ ಒಂಬತ್ತನೆಯ ಹಾಡಾಗಿ, ಅಷ್ಟೆಲ್ಲ ಏಟು ತಿಂದ ಮೇಲೆ ಬರುತ್ತದೆ. ಏನೋ ಆಗಿಯೇ ತೀರುತ್ತದೆ ಎಂದು ಕಾಯಿಸಿ, ಕಾಯಿಸಿ, ಕಡೆಗೂ ನೀವು ಅಂದುಕೊಂಡ ಸ್ಫೋಟವನ್ನು ಕೊಡದೆ ಬಿಡುವ ಆ ಹಟ ನನಗೆ ಅವರ ಎಲ್ಲ ಅರಚಾಟಕ್ಕಿಂತ ಹೆಚ್ಚು ಭಯ ಹುಟ್ಟಿಸಿದೆ. ಗೋಟ್ ಪಕ್ಷದವರ ಜೊತೆ ವಾದ ಬಂದಾಗ ನಾನು ಮುಂದಿಡುವುದು ಇದೊಂದೇ ಹಾಡು.

ಅವರ ಕಡೆಯಿಂದಲೂ ಒಂದು ಮಾತು ಒಪ್ಪಬೇಕು. ಗೋಟ್ ಒಂದೇ ಏಟಿನಲ್ಲಿ ಆದದ್ದು. ಲೈಯರ್‌ನ ನಡುಭಾಗದಲ್ಲಿ, ‘ವರ್ಲ್’ ಹತ್ತಿರ, ಬಿಗಿ ಸ್ವಲ್ಪ ಸಡಿಲುತ್ತದೆ.

ಹಾಡುಗಾರನ ಮಾತೇ ಕೇಳಿಸುವುದಿಲ್ಲ. ಧ್ವನಿಮುದ್ರಣದ ದೋಷವೇ?

ಅಲ್ಲ, ಹಾಗೇ ಬೇಕೆಂದು ಮಾಡಿದ್ದು. ರೇಡಿಯೋದಲ್ಲಿ ಕೇಳುವ ಹಾಡುಗಳಲ್ಲಿ ದನಿ ಎಲ್ಲಕ್ಕಿಂತ ಮುಂದೆ ನಿಂತಿರುತ್ತದೆ, ಉಳಿದವರು ಹಿಂದೆ. ಇಲ್ಲಿ ಯಾವ್‌ನ ದನಿ ಇನ್ನೊಂದು ವಾದ್ಯ, ಅಷ್ಟೆ. ಆತ ಗೊಣಗುತ್ತಾನೆ, ತೊದಲುತ್ತಾನೆ, ಬಿಕ್ಕುತ್ತಾನೆ, ಒಮ್ಮೆಲೇ ಕಿರುಚುತ್ತಾನೆ. ಅದು ಡ್ರಮ್ಸ್‌ನ ಅಡಿಯಿಂದ ಮೇಲೆ ಬರಲು ಹೆಣಗುತ್ತಿರುವಂತೆ ಕೇಳಬೇಕು. ದನಿಯನ್ನು ಮುಂದಕ್ಕೆ ತಂದಿದ್ದರೆ ಆತ ನಟನಂತೆ ಕಾಣುತ್ತಿದ್ದ.

ಸಾಹಿತ್ಯ ಸಿಕ್ಕರೆ ಓದಿ ನೋಡಿ. ಕುಡುಕರು, ಹಿಂಸೆಗಿಳಿದವರು, ತಮ್ಮ ದೇಹದ ಮೇಲೆ ಹಿಡಿತ ಕಳೆದುಕೊಂಡವರು, ಹೀಗೆ ಯಾರ್‍ಯಾರದೋ ಬಾಯಲ್ಲಿ ಹೇಳಿಸಿದ ತುಣುಕು ಕಥೆಗಳು. ಕ್ರೌರ್ಯವನ್ನು ಮೆಚ್ಚುತ್ತಿದ್ದಾರೋ ತೋರಿಸುತ್ತಿದ್ದಾರೋ ಎಂಬ ಪ್ರಶ್ನೆ ಆಗಲೂ ಎದ್ದಿತ್ತು, ಈಗ ಇನ್ನೂ ಜೋರಾಗಿ ಏಳುತ್ತದೆ. ‘ಪಸ್’ ಹಾಡನ್ನು ಇಂದು ಕೇಳುವಾಗ ಹಿಂಜರಿಕೆ ಆದರೆ ಅದು ನಿಮ್ಮ ಕಿವಿಯ ತಪ್ಪಲ್ಲ. ನನಗೂ ಆಗುತ್ತದೆ.

ಸ್ಟೀವ್ ಆಲ್ಬಿನಿಯನ್ನು ಪ್ರೊಡ್ಯೂಸರ್ ಅನ್ನಬಹುದೇ?

ಆತನ ಮುಂದೆ ಅಂದಿದ್ದರೆ ಬೈಸಿಕೊಳ್ಳುತ್ತಿದ್ದಿರಿ. ತಾನು ಧ್ವನಿಮುದ್ರಣ ಮಾಡುವ ಎಂಜಿನಿಯರ್, ಬ್ಯಾಂಡಿನ ಹಾಡು ಬ್ಯಾಂಡಿನದು ಎಂಬುದು ಆತನ ನಿಲುವು. ರಾಯಧನವನ್ನು ಮುಟ್ಟುತ್ತಿರಲಿಲ್ಲ, ಕೆಲಸಕ್ಕೆ ಒಂದು ಮೊತ್ತ, ಮುಗಿಯಿತು. ಬ್ಯಾಂಡ್ ಕೋಣೆಯಲ್ಲಿ ಒಟ್ಟಾಗಿ ನುಡಿಸಬೇಕು, ಡ್ರಮ್ಸ್‌ಗೆ ಹತ್ತಿರದ ಮೈಕ್‌ಗಳ ಜೊತೆ ದೂರದಲ್ಲೂ ಮೈಕ್ ಇಟ್ಟು ಕೋಣೆಯ ಅನುರಣನವನ್ನೂ ಹಿಡಿಯಬೇಕು, ಅನಲಾಗ್ ಟೇಪಿನಲ್ಲಿ ಉಳಿಸಬೇಕು. ಆತನ ಕೆಲಸದ ಒಟ್ಟು ರೀತಿ ಇದು. ಮೆಕ್‌ನೀಲಿಯ ಸ್ನೇರ್ ಡ್ರಮ್ ಪಕ್ಕದ ಕೋಣೆಯಲ್ಲೇ ಬಾರಿಸಿದಂತೆ ಕೇಳುವುದು ಇದರಿಂದಲೇ.

ಆಲ್ಬಿನಿಗೆ ಇವರು ಹೊರಗಿನವರೂ ಅಲ್ಲ. ತನ್ನ ಬ್ಯಾಂಡ್ ಬಿಗ್ ಬ್ಲ್ಯಾಕ್ ಮುಗಿದ ಮೇಲೆ ಆತ ಕಟ್ಟಿದ ಅಲ್ಪಾಯುಷಿ ಬ್ಯಾಂಡಿನಲ್ಲಿ ಬೇಸ್ ನುಡಿಸಿದ್ದು ಇದೇ ಸಿಮ್ಸ್.

ಬಂದಾಗ ‘ಲೈಯರ್’ಗೆ ಸಿಕ್ಕ ಸ್ವಾಗತ ಹೇಗಿತ್ತು?

ಮಾರಾಟದ ಲೆಕ್ಕದಲ್ಲಿ ಹೇಳುವುದು ಸುಲಭ: ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಅದು ಕಾಣಿಸಿಕೊಳ್ಳಲೇ ಇಲ್ಲ. ನಾಯ್ಸ್ ರಾಕ್ ಓದುಗರ ಪತ್ರಿಕೆಗಳಲ್ಲಿ ಮೆಚ್ಚುಗೆ ಇತ್ತು. ಅಲ್ಲೂ ‘ಮತ್ತದೇ’ ಎಂಬ ಗೊಣಗಾಟವೂ ‘ಇನ್ನೂ ಬಿಗಿಯಾಗಿದೆ’ ಎಂಬ ಹೊಗಳಿಕೆಯೂ ಅಕ್ಕಪಕ್ಕ ನಡೆದವು. ವರ್ಷಗಳು ಕಳೆದಂತೆ ಹೆಚ್ಚಿನ ವಿಮರ್ಶಕರು ಗೋಟ್‌ಗೆ ಮೊದಲ ಮಣೆ ಹಾಕಿ ಲೈಯರನ್ನು ಅದರ ಪಕ್ಕಕ್ಕೆ ಕೂರಿಸಿದರು. ಬರೆಯುವವರಿಗೆ ಮೊದಲ ಬೆರಗನ್ನು ವರ್ಣಿಸುವುದು ಸುಲಭ, ಎರಡನೇ ಸಲದ ಪಳಗಿದ ಕೈಯನ್ನು ವರ್ಣಿಸುವುದು ಕಷ್ಟ. ಆ ಕಷ್ಟದಲ್ಲೇ ಲೈಯರ್‌ಗೆ ಸಲ್ಲಬೇಕಾದ್ದು ಒಂದಿಷ್ಟು ತಪ್ಪಿಹೋಯಿತು ಅನ್ನುವುದು ನನ್ನ ಅನುಮಾನ.

ಇನ್ನೊಂದು ಅಡ್ಡಿಯೂ ಇತ್ತು: ಅವರ ವೇದಿಕೆಯ ಖ್ಯಾತಿ. ಯಾವ್ ಮೊದಲ ಹಾಡಿನಲ್ಲೇ ಜನರ ತಲೆಗಳ ಮೇಲೆ ಹಾರಿಬಿಡುತ್ತಿದ್ದ, ಕೈಯಿಂದ ಕೈಗೆ ತೇಲುತ್ತಲೇ ಹಾಡುತ್ತಿದ್ದ, ಅಂಗಿಯಂತೂ ಬೇಗ ಕಳಚಿಹೋಗುತ್ತಿತ್ತು. ಬರಹಗಾರರು ಅದನ್ನೇ ಬಣ್ಣಿಸಿದರು. ಅಷ್ಟೆಲ್ಲ ಅವಾಂತರ ನಡೆಯುವಾಗ ಹಿಂದೆ ಮೂವರು ಒಂದು ಸ್ವರವೂ ತಪ್ಪದೆ ನಿಂತು ನುಡಿಸುತ್ತಿದ್ದರು ಎಂಬುದು ಅಡಿಟಿಪ್ಪಣಿಯಾಯಿತು.

ಹಾಗಾದರೆ ರಾಕ್ ಬ್ಯಾಂಡ್ ನಿರ್ವಾಣ ಜೊತೆಗಿನ ಆ ಸಿಂಗಲ್ (ಒಂದೆರಡು ಹಾಡಿನ ತಟ್ಟೆ) ಕಥೆ ಏನು?

1993ರ ಫೆಬ್ರವರಿಯಲ್ಲಿ ಟಚ್ ಆ್ಯಂಡ್ ಗೋ ಒಂದು ಜೋಡಿ ಸಿಂಗಲ್ ತಂದಿತು. ಒಂದು ಬದಿಯಲ್ಲಿ ಲೈಯರ್‌ನ ‘ಪಸ್’, ಇನ್ನೊಂದು ಬದಿಯಲ್ಲಿ ನಿರ್ವಾಣದ ‘ಓ, ದ ಗಿಲ್ಟ್’. ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ ಅದು 12ನೇ ಸ್ಥಾನಕ್ಕೆ ಏರಿತು. ಈ ಬ್ಯಾಂಡಿನ ಹೆಸರು ಅಷ್ಟು ಮೇಲೆ ಹೋದದ್ದು ಅದರಿಂದಲೇ.

ಕೊಂಡವರಲ್ಲಿ ಹೆಚ್ಚಿನವರು ನಿರ್ವಾಣಕ್ಕಾಗಿಯೇ ಕೊಂಡರು ಎಂದು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಆದರೆ ತಟ್ಟೆ ತಿರುಗಿಸಿದಾಗ ‘ಪಸ್’ ಕಿವಿಗೆ ಬಿತ್ತಲ್ಲ, ಲೈಯರ್‌ನ ನಿಜವಾದ ಸ್ವಾಗತ ಶುರುವಾದದ್ದು ಅಲ್ಲಿಂದ ಅನ್ನುತ್ತೇನೆ. ನಿರ್ವಾಣದ ಹಾಡುಗಾರ ಕರ್ಟ್ ಕೊಬೇನ್ ಹಳೆಯ ಅಭಿಮಾನಿ: ಆತ ಬರೆದಿಟ್ಟ ಮೆಚ್ಚಿನ ಐವತ್ತು ಆಲ್ಬಂಗಳ ಪಟ್ಟಿಯಲ್ಲಿ ಸ್ಕ್ರ್ಯಾಚ್ ಆ್ಯಸಿಡ್‌ನ ಮೊದಲ ಇಪಿ ಇದೆ.

ನಿರ್ವಾಣದ ‘ಇನ್ ಯೂಟೆರೋ’ ಆಲ್ಬಂಗೂ ‘ಲೈಯರ್’ಗೂ ಸಂಬಂಧವಿದೆಯೇ?

ನೇರ ಸಂಬಂಧ ಒಂದೇ, ಆಲ್ಬಿನಿ. ಜೋಡಿ ಸಿಂಗಲ್ ಬಂದ ಅದೇ ಫೆಬ್ರವರಿಯಲ್ಲಿ ನಿರ್ವಾಣ ಮಿನ್ನೆಸೋಟಾದ ಕ್ಯಾನನ್ ಫಾಲ್ಸ್‌ನಲ್ಲಿರುವ ಪ್ಯಾಕಿಡರ್ಮ್ ಸ್ಟುಡಿಯೋದಲ್ಲಿ ಆತನೊಂದಿಗೆ ಕೂತು ‘ನೆವರ್‌ಮೈಂಡ್’ ನಂತರದ ಈ ಆಲ್ಬಂ ಮುದ್ರಿಸುತ್ತಿತ್ತು. ಎರಡು ವಾರದಷ್ಟು ಕೆಲಸ.

ಹೋಲಿಕೆ ಮಾತ್ರ ಬಹಳ ಹೇಳುತ್ತದೆ. ದನಿ ಹಿಂದೆ, ಡ್ರಮ್ಸ್ ಮುಂದೆ ಎಂಬ ಅದೇ ರೀತಿ ಲೈಯರ್‌ನಲ್ಲಿ ಯಾರಿಗೂ ಸುದ್ದಿಯಾಗಲಿಲ್ಲ. ಇನ್ ಯೂಟೆರೋದಲ್ಲಿ ಪತ್ರಿಕೆಗಳ ತುಂಬ ರಾದ್ಧಾಂತವಾಯಿತು. ನಿರ್ವಾಣದ ಲೇಬಲ್‌ಗೆ ಇಷ್ಟವಾಗಿಲ್ಲವಂತೆ, ಆಲ್ಬಂ ಹೊರಬರುವುದೇ ಅನುಮಾನವಂತೆ ಎಂಬ ಮಾತು ಹಬ್ಬಿತು. ಕಡೆಗೆ ‘ಹಾರ್ಟ್-ಶೇಪ್ಡ್ ಬಾಕ್ಸ್’ ಮತ್ತು ‘ಆಲ್ ಅಪಾಲಜೀಸ್’ ಎರಡನ್ನು ಪ್ರೊಡ್ಯೂಸರ್ ಸ್ಕಾಟ್ ಲಿಟ್ ಮರುಮಿಕ್ಸ್ ಮಾಡಿದ. 1993ರ ಸೆಪ್ಟೆಂಬರಿನಲ್ಲಿ ಬಂದು ಅಮೆರಿಕದಲ್ಲಿ ನೇರವಾಗಿ ಮೊದಲ ಸ್ಥಾನಕ್ಕೇ ಹೋಯಿತು, ಮೊದಲ ವಾರ 1,80,000 ಪ್ರತಿ. ಒಂದೇ ಕೈಯ ಕೆಲಸ. ಒಂದರ ಸುತ್ತ ಕಾದು ಕೂತ ಕೋಟ್ಯಂತರ ಹಣ, ಇನ್ನೊಂದರ ಸುತ್ತ ಕೈ ಕುಲುಕಿದ ಒಪ್ಪಂದ.

ಬೇರೆ ನಾಯ್ಸ್ ರಾಕ್ ಬ್ಯಾಂಡ್‌ಗಳ ಮುಂದಿನ ಆಲ್ಬಂಗಳು ಏನಾದವು?

ಒಂದೇ ಸೂತ್ರ ಸಿಗುವುದಿಲ್ಲ. ಸಾನಿಕ್ ಯೂತ್ 1987ರ ‘ಸಿಸ್ಟರ್’ ಬೆನ್ನಿಗೆ 1988ರಲ್ಲಿ ‘ಡೇಡ್ರೀಮ್ ನೇಷನ್’ ಎಂಬ ಜೋಡಿ ಎಲ್‌ಪಿ (ಎರಡು ತಟ್ಟೆಯ ಆಲ್ಬಂ) ತಂದಿತು. ವಿಲೇಜ್ ವಾಯ್ಸ್ ಪತ್ರಿಕೆ ವಿಮರ್ಶಕರ ಮತ ಎಣಿಸಿ ಮಾಡುವ ಪಟ್ಟಿಯಲ್ಲಿ ಆ ವರ್ಷ ಅದಕ್ಕೆ ಎರಡನೇ ಸ್ಥಾನ. ಮುಂದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜೋಪಾನ ಮಾಡುವ ಧ್ವನಿಮುದ್ರಣಗಳ ಸಾಲಿಗೂ ಸೇರಿತು. ಬಿಗ್ ಬ್ಲ್ಯಾಕ್‌ನದು ಇನ್ನೊಂದು ತೆರ. 1986ರ ‘ಆಟಮೈಸರ್’ ನಂತರ ಮರುವರ್ಷ ಎರಡನೇ ಆಲ್ಬಂ ತರುವ ಹೊತ್ತಿಗೆ ಬ್ಯಾಂಡ್ ಮುಚ್ಚುವುದು ತೀರ್ಮಾನವಾಗಿತ್ತು, ಗಿಟಾರಿಸ್ಟ್ ಸಾಂಟಿಯಾಗೊ ಡುರಾಂಗೊ ಕಾನೂನು ಓದಲು ಹೊರಟಿದ್ದ. ಹೆಲ್ಮೆಟ್ ಎಂಬ ಬ್ಯಾಂಡ್ 1990ರ ‘ಸ್ಟ್ರ್ಯಾಪ್ ಇಟ್ ಆನ್’ ಆದಮೇಲೆ ದೊಡ್ಡ ಲೇಬಲ್‌ಗೆ ಹೋಗಿ 1992ರ ‘ಮೀನ್‌ಟೈಮ್’ನಿಂದ ಭಾರಿ ಮಾರಾಟಕ್ಕೆ ಕೊಡುವ ಗೋಲ್ಡ್ ಡಿಸ್ಕ್ ಪಡೆಯಿತು. 1994ರ ‘ಬೆಟ್ಟಿ’ಯಲ್ಲಿ ಜಾಝ್, ಬ್ಲೂಸ್ ಎಲ್ಲ ಬೆರೆಸಿದಾಗ ಅದೇ ಅಭಿಮಾನಿಗಳಲ್ಲಿ ಕೆಲವರು ಮುಖ ತಿರುಗಿಸಿದರು.

ಬದಲಾದರೆ ‘ಯಾಕೆ ಬದಲಾದಿರಿ’, ಬದಲಾಗದಿದ್ದರೆ ‘ಯಾಕೆ ಬದಲಾಗಲಿಲ್ಲ’. ಲೈಯರ್‌ಗೆ ಬಂದದ್ದು ಎರಡನೇ ಬೈಗುಳ.

‘ಲೈಯರ್’ ನಂತರ ಬ್ಯಾಂಡ್ ಏನಾಯಿತು?

1994ರಲ್ಲಿ ‘ಡೌನ್’. ಆಲ್ಬಿನಿ ಜೊತೆಗಿನ ಕೊನೆಯ ಸ್ಟುಡಿಯೋ ಆಲ್ಬಂ ಅದು. ಆಮೇಲೆ ಕ್ಯಾಪಿಟಲ್ ಲೇಬಲ್‌ಗೆ ಹೋದರು. ದೊಡ್ಡ ಲೇಬಲ್‌ಗಳು ಬ್ಯಾಂಡ್‌ಗಳನ್ನು ಸಾಲದಲ್ಲಿ ಮುಳುಗಿಸುವ ಲೆಕ್ಕವನ್ನು ಆಲ್ಬಿನಿ 1993ರಲ್ಲೇ ‘ದಿ ಬ್ಯಾಫ್ಲರ್’ ಪತ್ರಿಕೆಯಲ್ಲಿ ಅಂಕಿ ಸಮೇತ ಬಿಡಿಸಿಟ್ಟಿದ್ದ; ಈ ಹೆಜ್ಜೆ ಆತನಿಗೆ ರುಚಿಸುವಂಥದ್ದಾಗಿರಲಿಲ್ಲ. 1996ರ ‘ಶಾಟ್’ ಕೆಟ್ಟದ್ದೇನಲ್ಲ, ಆದರೆ ಆ ಗಾಳಿಯಾಡುವ ಜಾಗ ಮುಚ್ಚಿಹೋಗಿದೆ. ಅದಾದ ಮೇಲೆ ಮೆಕ್‌ನೀಲಿ ಹೊರಟ, ಜಿಮ್ ಕಿಂಬಲ್ ಬಂದ. 1998ರ ‘ಬ್ಲೂ’ವನ್ನು ಗ್ಯಾಂಗ್ ಆಫ್ ಫೋರ್ ಬ್ಯಾಂಡಿನ ಆ್ಯಂಡಿ ಗಿಲ್ ರೂಪಿಸಿದ. 1999ಕ್ಕೆ ಬ್ಯಾಂಡ್ ಮುಗಿಯಿತು. 2009ರಲ್ಲಿ ಮತ್ತೆ ನಾಲ್ವರೂ ಸೇರಿ ಕಛೇರಿಗಳನ್ನು ಕೊಟ್ಟರು.

ಇಪ್ಪತ್ತಾರು ವರ್ಷದ ಮೇಲೆ ಬಂದ ‘ರ್‍ಯಾಕ್’ ಕೇಳಬಹುದೇ?

ಧಾರಾಳವಾಗಿ. 2024ರ ಸೆಪ್ಟೆಂಬರ್ 13ರಂದು ಇಪೆಕ್ಯಾಕ್ ಲೇಬಲ್‌ನಿಂದ ಬಂತು, ಮೆಕ್‌ನೀಲಿ ಸಮೇತ ಮೂಲ ನಾಲ್ವರೇ. ಮುದುಕರು ಹಳೆಯ ಹೆಸರಿನಲ್ಲಿ ಹಣ ಮಾಡಲು ಬಂದರು ಎಂದು ತಯಾರಾಗಿ ಕೂತವರಿಗೆ ನಿರಾಸೆಯಾಯಿತು. ವಿಮರ್ಶೆಗಳು ಬಹುಪಾಲು ಬೆಚ್ಚಗಿದ್ದವು. ಮೊದಲು ಬಿಟ್ಟ ‘ಹೈಡ್ ಆ್ಯಂಡ್ ಸೀಕ್’ ಕೇಳಿದ ಕೂಡಲೇ ಸಿಮ್ಸ್ ಮತ್ತು ಮೆಕ್‌ನೀಲಿ ಒಬ್ಬರ ಉಸಿರು ಒಬ್ಬರಿಗೆ ಗೊತ್ತಿರುವವರಂತೆ ನುಡಿಸುವುದು ಗುರುತು ಹತ್ತುತ್ತದೆ. ಮುದ್ರಣ ನ್ಯಾಶ್‌ವಿಲ್‌ನಲ್ಲಿ ನಡೆಯಿತು, ಆಲ್ಬಿನಿ ಇಲ್ಲದೆ. ಆತ ಅದೇ ವರ್ಷ ಮೇ 7ರಂದು 61ನೇ ವಯಸ್ಸಿನಲ್ಲಿ ತೀರಿಕೊಂಡಿದ್ದ.

‘ಲೈಯರ್’ ಹೊದಿಕೆಯ ಚಿತ್ರ ಯಾರದು?

ಆಸ್ಟಿನ್‌ನ ಚಿತ್ರಕಾರ ಮ್ಯಾಲ್ಕಂ ಬಕ್‌ನಾಲ್‌ನದು. ಪ್ರಾಣಿ ತಲೆಯ ಮನುಷ್ಯರನ್ನು ಹಳೆಯ ಯುರೋಪಿಯನ್ ತೈಲಚಿತ್ರಗಳ ನಯದಲ್ಲಿ ಬಿಡಿಸುವುದಕ್ಕೆ ಹೆಸರಾದವ. ನಿರ್ವಾಣ ಜೊತೆಗಿನ ಸಿಂಗಲ್‌ಗೂ ‘ಡೌನ್’ಗೂ ಆತನದೇ ಚಿತ್ರ.

ಹೊಸಬರು ಎಲ್ಲಿಂದ ಶುರು ಮಾಡಬೇಕು? ಯಾವ ಪ್ರತಿ ಕೊಳ್ಳಬೇಕು?

ಗೋಟ್‌ನಿಂದಲೇ ಶುರು ಮಾಡಿ. ನನ್ನ ಪಕ್ಷ ಬೇರೆಯಾದರೂ ಕ್ರಮ ಕ್ರಮವೇ. ಬಿಡುವು ಕೊಡದೆ ಅದೇ ಕೂರುವಿಕೆಯಲ್ಲಿ ಲೈಯರ್ ಹಾಕಿ. ಒಟ್ಟು ಒಂದು ಗಂಟೆ ಸ್ವಲ್ಪ ಮೀರಬಹುದು. ‘ಬಾಯ್ಲರ್‌ಮೇಕರ್’ನಿಂದ ತಲೆನೋವು ಬಂದರೆ ಆಲ್ಬಂ ಬಿಡಬೇಡಿ, ನೇರ ‘ಗ್ಲ್ಯಾಡಿಯೇಟರ್’ಗೆ ಹೋಗಿ ಬೇಸ್ ಒಂದನ್ನೇ ಹಿಡಿದು ಕೇಳಿ. ಫೋನಿನ ಪುಟ್ಟ ಸ್ಪೀಕರ್ ಮಾತ್ರ ಬೇಡ: ಸಿಮ್ಸ್ ಪೂರ್ತಿ ಮಾಯವಾಗುತ್ತಾನೆ, ಆಮೇಲೆ ಉಳಿಯುವುದು ನಿಜಕ್ಕೂ ಬರೀ ಗದ್ದಲ.

2009ರಲ್ಲಿ ಟಚ್ ಆ್ಯಂಡ್ ಗೋ ಈ ಆಲ್ಬಂಗಳನ್ನೆಲ್ಲ ಮರುಮಾಸ್ಟರ್ ಮಾಡಿ, ಹೆಚ್ಚುವರಿ ಹಾಡುಗಳನ್ನು ಸೇರಿಸಿ ಮತ್ತೆ ತಂದಿತು. ಕೇಳುವುದಕ್ಕೆ ಆ ಪ್ರತಿ ಸಾಕು. 1992ರ ಮೂಲ ಎಲ್‌ಪಿಗೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ; ಹಾಡುಗಳ ಸಲುವಾಗಿ ಅಷ್ಟು ಕೊಡಬೇಕಿಲ್ಲ, ಬಕ್‌ನಾಲ್‌ನ ಚಿತ್ರವನ್ನು ದೊಡ್ಡದಾಗಿ ನೋಡುವ ಆಸೆಯಿದ್ದರೆ ಬೇರೆ ಮಾತು.